ನೊಗ ಕಾಣದ ಎತ್ತುಗಳು

ಅಪ್ಪ ಊರಿಂದ ಬಂದಾಗ ಡಲ್ಲಾಸ್‌ನ ಪಯೋನಿಯರ್ ಪ್ಲಾಜಾಗೆ ಕರ್ಕೊಂಡು ಹೋಗಿದ್ದೆ. ಎತ್ತರದ ಕಟ್ಟಡಗಳ ನಡುವೆ 49 ಕಂಚಿನ ಲಾಂಗ್‌ಹಾರ್ನ್ (ಉದ್ದ ಕೊಂಬಿನ ಟೆಕ್ಸಸ್ ತಳಿ) ಎತ್ತುಗಳು ದಿಬ್ಬ ಇಳಿದು ಹಳ್ಳ ದಾಟುತ್ತಿವೆ. ಒಂದೊಂದೂ ಆರಡಿ ಎತ್ತರ. ಕಾಯೋಕೆ ಕುದುರೆ ಮೇಲೆ ಮೂರೇ ಜನ. ಅಪ್ಪ ತಿಪಟೂರು ಕಡೆಯ ರೈತರು, ಹಳ್ಳಿಕಾರ್ ಜೋಡಿ ಕಟ್ಟಿ ಉತ್ತವರು. ಕೊಂಬನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದರು: “ಇವನ್ನ ಜೋಡಿ ಮಾಡಿ ನೊಗಕ್ಕೆ ಹೆಂಗೆ ಕಟ್ತಾರೋ?”

“ಇವು ಉಳೋಕಲ್ಲ ಅಪ್ಪ, ಮಾಂಸಕ್ಕೆ” ಅಂದೆ. ಅವರು ಏನೂ ಹೇಳಲಿಲ್ಲ.

ಟ್ರ್ಯಾಮೆಲ್ ಕ್ರೋ ಅನ್ನುವ ಉದ್ಯಮಿಯ ಆಸೆಗೆ ರಾಬರ್ಟ್ ಸಮರ್ಸ್ ಮಾಡಿದ ಶಿಲ್ಪ ಇದು. ಆಗ ಕೆಲವು ಸ್ಥಳೀಯ ಕಲಾವಿದರು ಕೋರ್ಟಿಗೇ ಹೋಗಿದ್ದರು. ಡಲ್ಲಾಸ್ ಚರಿತ್ರೆ ಇದಲ್ಲ ಅನ್ನೋದು ಅವರ ತಕರಾರು. ಅರ್ಧ ಒಪ್ತೀನಿ. ದನದ ಪೇಟೆ ಅಂತ ಹೆಸರು ಮಾಡಿದ್ದು ಪಕ್ಕದ ಫೋರ್ಟ್ ವರ್ತ್. ಆದರೆ 1850ರ ದಶಕದಲ್ಲಿ ಮಿಸೌರಿಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಶಾನೀ ದಾರಿ ಡಲ್ಲಾಸ್ ಮೇಲೇ ಹೋಗುತ್ತಿತ್ತು. ಆ ದಾರಿ ಕೆಡಿಸಿದ್ದು ಉಣ್ಣಿ! ಟೆಕ್ಸಸ್ ದನಗಳಿಗೆ ಏನೂ ಆಗ್ತಿರಲಿಲ್ಲ, ಅವುಗಳ ಮೈಮೇಲಿನ ಉಣ್ಣಿಯಿಂದ ಮಿಸೌರಿ ದನಗಳು ಜ್ವರ ಬಂದು ಸಾಯ್ತಿದ್ದವು. ಅಲ್ಲಿನ ರೈತರು ಬಂದೂಕು ಹಿಡಿದು ಮಂದೆ ತಡೆದರು. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್‌ನಲ್ಲಿ ರೈಲಿಗೆ ದನ ಹತ್ತಿಸೋ ಪೇಟೆ ಶುರುವಾಯ್ತು, ಮಂದೆಗಳು ಪಶ್ಚಿಮದ ಚಿಸಮ್ ದಾರಿ ಹಿಡಿದವು. ಆಮೇಲೆ ಮುಳ್ಳುತಂತಿ ಬೇಲಿ ಬಂದು ದಾರಿಗೆ ಅಡ್ಡವಾಯ್ತು, ರೈಲು ಟೆಕ್ಸಸ್‌ಗೇ ಬಂದು ಅಷ್ಟು ದೂರ ನಡೆಸೋ ಅಗತ್ಯವೂ ಹೋಯ್ತು. ಕತೆ ಮುಗೀತು.

ನನಗೆ ಇಷ್ಟವಾಗಿದ್ದು ಇದಕ್ಕೆ ಪೀಠ ಇಲ್ಲದೇ ಇರೋದು. ಮಕ್ಕಳು ಎತ್ತಿನ ಪಕ್ಕ ನಿಂತು ಮೂತಿ ಹಿಡೀತಾರೆ. ಇನ್ನೊಂದು, ಮೂವರು ಸವಾರರಲ್ಲಿ ಒಬ್ಬ ಕಪ್ಪು ಮನುಷ್ಯ, ಒಬ್ಬ ಮೆಕ್ಸಿಕನ್. ನಾವು ಸಿನಿಮಾದಲ್ಲಿ ನೋಡಿದ ಕೌಬಾಯ್‌ಗಿಂತ ಇದು ಜಾಸ್ತಿ ನಿಜ. ದನ ಕಾಯೋ ಈ ವಿದ್ಯೆ ಬಂದಿದ್ದೇ ಮೆಕ್ಸಿಕೋ ಕಡೆಯಿಂದ.

ನನ್ನ ತಕರಾರು ಬೇರೆ. ಟೆಕ್ಸಸ್‌ನಲ್ಲಿ ನಾಲ್ಕೈದು ಡಾಲರ್‌ನ ಎತ್ತು ಉತ್ತರದಲ್ಲಿ ನಲವತ್ತಕ್ಕೆ ಹೋಗುತ್ತಿತ್ತು ಅಂತಾರೆ. ಅಷ್ಟು ದೂರ ನಡೆಸಿದ್ದು ಆ ವ್ಯತ್ಯಾಸಕ್ಕೆ. ರೈಲಿನ ಆಚೆ ತುದಿಯಲ್ಲಿ ಇದ್ದದ್ದು ಷಿಕಾಗೋದ ಕಸಾಯಿಖಾನೆ. ಇಲ್ಲಿ ಮಾತ್ರ ಎತ್ತುಗಳು ಹಾಯಾಗಿ ಹಳ್ಳ ದಾಟಿ ನಿಂತುಬಿಟ್ಟಿವೆ. ನಡಿಗೆಯನ್ನು ಇಷ್ಟು ಚೆಂದ ಮಾಡಿದವರು ಎಲ್ಲಿಗೆ ನಡಿಗೆ ಅಂತಲೂ ತೋರಿಸಬಹುದಿತ್ತು ಅಲ್ವಾ?

ಫೋಟೋ ಹಾಕಿದ್ದೀನಿ ನೋಡಿ. ಅಪ್ಪ ಅಭ್ಯಾಸಬಲದಲ್ಲಿ ಗಂಗೆದೊಗಲು ಸವರೋಕೆ ಹೋಗಿದ್ದಾರೆ. ಜುಲೈ ಬಿಸಿಲಿಗೆ ಕಂಚು ಕಾದಿತ್ತು. ಮುಖ ಹಾಗಾಗಿರೋದು ಅದಕ್ಕೇ.