ಕನ್ನಡಿಯೊಳಗಿನ ಒಗ್ಗರಣೆ

ಮನೆಯಲ್ಲೇ ದೂರದರ್ಶಕ ಕಟ್ಟುವವನಿಗೆ ಧಾರವಾಡದಲ್ಲಿ ಇಬ್ಬರು ವೈರಿಗಳು: ಮೋಡ ಮತ್ತು ಒಗ್ಗರಣೆ. ಮೋಡದ ಕಾಟ ದೂರದರ್ಶಕ ಮುಗಿದ ಮೇಲಿನ ಮಾತು. ಒಗ್ಗರಣೆ ಅಷ್ಟು ದಿನ ಕಾಯುವುದಿಲ್ಲ.

ದೂರದರ್ಶಕದ ಕನ್ನಡಿಗೆಂದು ಆರು ಇಂಚು ಅಗಲದ ದಪ್ಪ ಗಾಜಿಗೆ ಕಾರ್ಬೊರಂಡಮ್ ಪುಡಿ ಹಾಕಿ ತಿಕ್ಕಿ, ತಗ್ಗು ಮಾಡಿ, ಸೀರಿಯಂ ಆಕ್ಸೈಡ್‌ನಿಂದ ಹೊಳಪು ಕೊಟ್ಟಾಗ ಕೈಗೆ ಬರುವುದು ಆರಪಾರ ಕಾಣುವ ಗಾಜೇ. ಅಲ್ಯೂಮಿನಿಯಂ ಲೇಪ ಕಟ್ಟಕಡೆಯ ಕೆಲಸ. ಅಲ್ಲಿಯವರೆಗೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲು ತಿರುಗಿ ಬರುತ್ತದೆ. ಗಾಜಿನ ಬಾಗು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗೆ ಅಷ್ಟು ಸಾಕು, ಅವ್ವನಿಗೆ ಸಾಲದು. "ಮಳಿಗಾಲ ತುಂಬ ತಿಕ್ಕೀದಿ. ಕುಂಕುಮ ಹಚ್ಕೊಳ್ಳಾಕ ಮಾರಿ ಸೈತ ಕಾಣಂಗಿಲ್ಲಲ್ಲೋ ಇದರಾಗ!"

ಪರೀಕ್ಷೆಯ ವಿಧಾನ 1858ರಲ್ಲಿ ಫ್ರಾನ್ಸಿನ ಲಿಯೋನ್ ಫೂಕೋ ಹೇಳಿಕೊಟ್ಟದ್ದು. ಸೂಜಿತೂತಿನ ಹಿಂದೊಂದು ದೀಪ. ಅದರ ಬೆಳಕು ಗಾಜಿಗೆ ಬಡಿದು ತಿರುಗಿ ಬಂದು ಕೂಡುವಲ್ಲಿ ಅರ್ಧ ಬ್ಲೇಡು, ಬ್ಲೇಡಿನ ಹಿಂದೆ ನಮ್ಮ ಕಣ್ಣು. ಬ್ಲೇಡು ಬೆಳಕನ್ನು ಕೊಯ್ಯುತ್ತಿದ್ದಂತೆ ಗಾಜಿನ ಉಬ್ಬು-ತಗ್ಗುಗಳೆಲ್ಲ ನೆರಳಾಗಿ ಎದ್ದು ನಿಲ್ಲುತ್ತವೆ. ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿನ ಉಬ್ಬೂ ಬಚ್ಚಿಟ್ಟುಕೊಳ್ಳಲಾರದು. ಗಾಜು ಗೋಲದ ತುಣುಕಾಗಿದ್ದರೆ ಇಡೀ ಮೈ ಒಮ್ಮೆಲೇ ಮಸುಕಾಗುತ್ತದೆ. ನಮಗೆ ಬೇಕಾದದ್ದು ಪ್ಯಾರಾಬೋಲ, ಅಂದರೆ ದೂರದ ನಕ್ಷತ್ರದ ಬೆಳಕನ್ನೆಲ್ಲ ಒಂದೇ ಚುಕ್ಕೆಗೆ ಕೂಡಿಸುವ ಬಾಗು. ಅದು ಉದ್ದಿನ ವಡೆಯ ಹಾಗೆ ಕಾಣಬೇಕು, ನಡುವೆ ಕುಳಿ, ಸುತ್ತ ಉಬ್ಬು.

"ವಡಿ ಕಂಡ್ರ ಪಾಸ್ ಏನ್ರೀ?" ಎಂದಳು ಹೆಂಡತಿ.

"ಹೌದು."

"ಎಣ್ಣಿ ಖರ್ಚಿಲ್ಲದ ವಡಿ. ಚಲೋ ಆತು ಬಿಡ್ರಿ."

ತೊಡಕೆಂದರೆ, ಗಾಜಿನಿಂದ ಬ್ಲೇಡಿಗೆ 2400 ಮಿಲಿಮೀಟರ್ ದೂರ ಬೇಕು. ನಮ್ಮಲ್ಲಿ ಅಷ್ಟು ಉದ್ದದ ಜಾಗ ಪಡಸಾಲೆಯೊಂದೇ. ಬೆಳಕು ಅಡುಗೆಮನೆಯ ಬಾಗಿಲ ಮುಂದೆಯೇ ಹಾದುಹೋಗಬೇಕು. ದೀಪ ಆರಿಸಿ, ಫ್ಯಾನ್ ನಿಲ್ಲಿಸಿ, ಬೆವರೊರೆಸಿಕೊಂಡು ಕೂತೆನೆಂದರೆ ಒಳಗೆ ಸಾಸಿವೆ ಚಟಪಟ ಎನ್ನುತ್ತದೆ. ಮರುಗಳಿಗೆ ಬಿಸಿಗಾಳಿ ಹರಿದು ಬಂದು ಗಾಜಿನ ಮೇಲೆಲ್ಲ ಅಲೆ. ಇಂಗಿನ ವಾಸನೆ ಆಮೇಲೆ. ಕಿವಿ, ಕಣ್ಣು, ಮೂಗು: ಈ ಸರದಿ ತಪ್ಪಿದ್ದಿಲ್ಲ. ಗಾಜಿನ ಗುಣದೋಷ ತಿಳಿಯುವ ಮೊದಲು ಇವತ್ತು ತೊವ್ವೆಯೋ ಹುಳಿಯೋ ತಿಳಿಯುತ್ತದೆ.

ಅಲೆ ತಣ್ಣಗಾಯಿತೋ, ರೈಲು. ಮಾಳಮಡ್ಡಿಯಲ್ಲಿ ಮನೆ ಮಾಡಿದವರು ಇದಕ್ಕೆ ದೂರುವಂತಿಲ್ಲ. ಹುಬ್ಬಳ್ಳಿಯ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಅತ್ತ ಹೊರಟ ಗೂಡ್ಸ್ ಗಾಡಿ ಹಾಯುವಾಗ ನೆಲ ನಡುಗಿ, ಬೆಳಕಿನ ಚುಕ್ಕೆ ಬ್ಲೇಡನ್ನು ಬಿಟ್ಟು ಕುಣಿಯುತ್ತದೆ. ಗೂಡ್ಸ್ ಗಾಡಿಗೆ ಅವಸರವೆಂಬುದೂ ಇಲ್ಲ.

ಒಮ್ಮೆ ಸಮಾಧಾನಕ್ಕೆಂದು ಹಬಲ್ ಬಾಹ್ಯಾಕಾಶ ದೂರದರ್ಶಕದ ಕಥೆ ಹೇಳಿದೆ. ಅದರ ಕನ್ನಡಿಯ ಅಗಲ 2.4 ಮೀಟರ್, ಅಂದರೆ ನನ್ನ ಬ್ಲೇಡಿಗೂ ಗಾಜಿಗೂ ನಡುವೆ ಇರುವಷ್ಟು. ಪರೀಕ್ಷೆಯ ಸಾಧನದಲ್ಲೇ ಮಸೂರವೊಂದು 1.3 ಮಿಲಿಮೀಟರ್ ಸರಿದು ಕೂತಿತ್ತು. ಆ ತಪ್ಪು ಸಾಧನವನ್ನೇ ನಂಬಿ ತಿಕ್ಕಿದರು. 1990ರಲ್ಲಿ ಮೇಲೆ ಹೋದ ಮೇಲೆ ಚಿತ್ರ ಮಸುಕು ಮಸುಕು. ರಿಪೇರಿ ಆದದ್ದು 1993ರಲ್ಲಿ.

ಹೆಂಡತಿ ಕೇಳಿದಳು, "ಅವರ ಬಾಜೂಕೂ ಅಡಗಿಮನಿ ಇತ್ತೇನ್ರೀ?"

ಒಂದು ರಾತ್ರಿ ಒಗ್ಗರಣೆಯೂ ಇಲ್ಲ, ರೈಲೂ ಇಲ್ಲ. ಗಾಜು ಮಿಸುಕದೆ ನಿಂತಿತ್ತು. ಆಗ ಬಂದರು ಪಕ್ಕದ ಮನೆಯ ಕಾಕಾ. "ಯಾಕೋ ತಮ್ಮಾ, ಕತ್ತಲದಾಗ ಬ್ಲೇಡ್ ಹಿಡ್ಕೊಂಡು ಕುಂತಿ? ಮನ್ಯಾಗ ಎಲ್ಲಾ ಅರಾಮ ಐತೋ ಇಲ್ಲೋ?"

ನಾನು ವಿವರಿಸುತ್ತಿದ್ದಾಗಲೇ ಅವರು ಗಾಜಿನ ಮೇಲೆ ಹೆಬ್ಬೆರಳೂರಿ, "ನುಣ್ಣಗ ಆಗೈತಿ" ಎಂದು ಸವರುತ್ತಾ ನಿಂತರು. ಬೆರಳ ಬಿಸಿಗೆ ಗಾಜು ಅಲ್ಲಿ ಹಿಗ್ಗುತ್ತದೆ. ಬ್ಲೇಡಿನ ಹಿಂದಿನಿಂದ ನೋಡಿದರೆ ನುಗ್ಗೀಕೇರಿಯ ಹನುಮಪ್ಪನೇ ಹೊತ್ತು ತಂದಿಟ್ಟಂಥ ಗುಡ್ಡ! ಮಾತಾಡದೆ ಕಾಕಾನನ್ನು ಸ್ಟೂಲಿನ ಮೇಲೆ ಕೂರಿಸಿ ತೋರಿಸಿದೆ.

"ಇದು ನಂದ?"

"ನಿಮ್ದ ರೀ."

ಕಾಕಾ ಗುಡ್ಡ ಇಳಿಯುವವರೆಗೂ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದುಹೋಗಿ ಇನ್ನೊಂದು ಹೆಬ್ಬೆರಳನ್ನೂ ಒತ್ತಿ, ಕಾಂಪೌಂಡಿನಾಚೆ ಕೂಗಿದರು: "ಏ ಇವಳ, ಲಗೂ ಬಾ ಇಲ್ಲೆ! ಬರುವಾಗ ಮೊಮ್ಮಕ್ಕಳನ್ನೂ ಕರ್ಕೊಂಡು ಬಾ!"