ಆಟದ ಬಂದೂಕಿಗಿರುವ ಕಾನೂನು ನಿಜವಾದ ಬಂದೂಕಿಗೆ ಯಾಕಿಲ್ಲ?

ಟೆಕ್ಸಾಸ್‌ನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಕನ್ನಡದವರು ಇದ್ದರೆ ಹೇಳಿ, ನಿಮ್ಮ ಮನೆಯಲ್ಲೂ ಇದೇ ಕಥೆನಾ? ನನ್ನ ಮಗನಿಗೆ ಹದಿನಾಲ್ಕು ವರ್ಷ. ಫೋನಲ್ಲಿ ನೋಡುವುದು ಗೇಮ್ ವೀಡಿಯೊ, ಬ್ಯಾಸ್ಕೆಟ್‌ಬಾಲ್. ನಡುನಡುವೆ ರೈಫಲ್! ಗಡ್ಡದ ದಾಂಡಿಗ, ಮೈಮೇಲೆ ಮಿಲಿಟರಿ ಜಾಕೆಟ್, ಹಿಂದೆ ಧಡ್ ಧಡ್ ಮ್ಯೂಸಿಕ್. ಮ್ಯಾಗಜಿನ್ ಸಿಕ್ಕಿಸುವುದನ್ನು ಸ್ಲೋ ಮೋಷನ್‌ನಲ್ಲಿ ತೋರಿಸುತ್ತಾರೆ, ಮೂಲೆಯಲ್ಲಿ ಕಂಪನಿ ಹೆಸರು. ರಿಪೋರ್ಟ್ ಮಾಡಿದೆ. ನಿಯಮ ಮೀರಿಲ್ಲ ಅಂತ ಉತ್ತರ ಬಂತು. ದುಡ್ಡು ಕೊಟ್ಟು ಬಂದೂಕಿನ ಜಾಹೀರಾತು ಹಾಕಿಸುವ ಹಾಗಿಲ್ಲವಂತೆ, ಆದರೆ ಕಂಪನಿ ತನ್ನದೇ ಖಾತೆಯಲ್ಲಿ ಪೋಸ್ಟ್ ಹಾಕಿದರೆ ಅದು ಜಾಹೀರಾತೇ ಅಲ್ಲವಂತೆ. ಯಾರ ಕಿವಿಗೆ ಹೂ ಇಡ್ತಾರೆ ಇವರು?

ಬಂದೂಕು ಕಂಡರೆ ಬೆಚ್ಚಿಬೀಳುವ ಮನೆಯವಳಲ್ಲ ನಾನು. ಕೊಡಗಿನವಳು. ಕೈಲ್ ಪೊಳ್ದ್ ದಿನ ಕೋವಿಗೆ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡಿಕೊಂಡೇ ಬೆಳೆದೆ. ಆದರೆ ಅದನ್ನು ಮಾರಲು ಅಂತ ಯಾವ ಕಂಪನಿಯೂ ನಮ್ಮ ಬೆನ್ನು ಬಿದ್ದಿರಲಿಲ್ಲ.

ಇಲ್ಲಿ ಹಾಗಲ್ಲ. 2022ರ ಮೇ 16ರಂದು ಡೇನಿಯಲ್ ಡಿಫೆನ್ಸ್ ಕಂಪನಿ ಟ್ವಿಟರ್‌ನಲ್ಲಿ ಒಂದು ಫೋಟೊ ಹಾಕಿತು. ನೆಲದ ಮೇಲೆ ಕೂತ ಪುಟ್ಟ ಮಗು, ಮಡಿಲಲ್ಲಿ ರೈಫಲ್, ಜೊತೆಗೆ ಮಗುವನ್ನು ನಡೆಯಬೇಕಾದ ದಾರಿಯಲ್ಲಿ ಬೆಳೆಸಿ ಅನ್ನುವ ಬೈಬಲ್ ಮಾತು. ಅದೇ ದಿನ ನಮ್ಮದೇ ರಾಜ್ಯದ ಯುವಾಲ್ಡಿಯಲ್ಲಿ ಒಬ್ಬ ಹುಡುಗನಿಗೆ 18 ತುಂಬಿತು. ಅವನು ಅದೇ ಕಂಪನಿಯ ರೈಫಲ್ ಕೊಂಡ. ಮೇ 24ಕ್ಕೆ ರಾಬ್ ಎಲಿಮೆಂಟರಿ ಶಾಲೆಗೆ ನುಗ್ಗಿ 19 ಮಕ್ಕಳನ್ನೂ ಇಬ್ಬರು ಟೀಚರ್‌ಗಳನ್ನೂ ಕೊಂದ. ಅವನು ಆ ಫೋಟೊ ನೋಡಿಯೇ ಕೊಂಡ ಅಂತ ನಾನು ಹೇಳುತ್ತಿಲ್ಲ. ಅಂಥ ಫೋಟೊ ಹಾಕಲು ಕಂಪನಿಯಲ್ಲಿ ಯಾರೋ ಕೂತು ಯೋಚಿಸಿ, ಇನ್ಯಾರೋ ಸರಿ ಅಂದಿರುತ್ತಾರಲ್ವಾ, ಅದಕ್ಕೇ ನನಗೆ ಹೊಟ್ಟೆ ಉರಿಯುವುದು. ಎರಡು ತಿಂಗಳಾದ ಮೇಲೆ ಆ ಕಂಪನಿಯ ಮುಖ್ಯಸ್ಥ ಸಂಸತ್ತಿನ ಸಮಿತಿ ಮುಂದೆ ಬಂದು, ಇಂಥ ಕೊಲೆಗಳು ಆಯಾ ಊರಿನ ಸಮಸ್ಯೆ, ಅಲ್ಲೇ ಬಗೆಹರಿಯಬೇಕು ಅಂದ. ಮಾರುವಾಗ ಇಡೀ ದೇಶ ಬೇಕು, ಹೆಣ ಬಿದ್ದಾಗ ಮಾತ್ರ ಆಯಾ ಊರು!

ಕೋರ್ಟಿಗೆ ಹೋಗಿ ಅನ್ನುತ್ತೀರಾ? 2005ರಲ್ಲೇ ಬುಷ್ ಸಹಿ ಹಾಕಿದ ಒಂದು ಕಾನೂನಿದೆ. ಬಂದೂಕಿನಿಂದ ಬೇರೆ ಯಾರೋ ಅಪರಾಧ ಮಾಡಿದರೆ ಅದನ್ನು ತಯಾರಿಸಿದ ಕಂಪನಿ ಮೇಲೆ ಸಾಮಾನ್ಯವಾಗಿ ಕೇಸ್ ಹಾಕುವ ಹಾಗಿಲ್ಲ. ಬಿಟ್ಟಿರುವ ಕೆಲವೇ ಸಂದಿಗಳಲ್ಲಿ ಒಂದು ಇದು: ಮಾರಾಟ ಅಥವಾ ಪ್ರಚಾರದ ಕಾನೂನನ್ನು ಕಂಪನಿ ಗೊತ್ತಿದ್ದೂ ಮುರಿದಿರಬೇಕು. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು, ಆರು ಜನ ದೊಡ್ಡವರು ಸತ್ತರಲ್ಲ, ಅವರ ಮನೆಯವರು ಹಿಡಿದದ್ದು ಈ ಸಂದಿಯನ್ನೇ. ಇದನ್ನು ಕೊಂಡರೆ ನಿಮ್ಮ ಗಂಡಸುತನದ ಕಾರ್ಡ್ ವಾಪಸ್ ಸಿಕ್ಕಂತೆ ಅನ್ನುವ ಧಾಟಿಯಲ್ಲಿ ರೆಮಿಂಗ್ಟನ್ ತನ್ನ ಬುಶ್‌ಮಾಸ್ಟರ್ ರೈಫಲ್‌ಗೆ ಪ್ರಚಾರ ಮಾಡಿತ್ತು. 2019ರಲ್ಲಿ ಕನೆಕ್ಟಿಕಟ್ ಸುಪ್ರೀಂ ಕೋರ್ಟ್ ಕೇಸ್ ನಡೆಯಲಿ ಅಂದಿತು. 2022ರಲ್ಲಿ 7.3 ಕೋಟಿ ಡಾಲರ್‌ಗೆ ರಾಜಿಯಾಯಿತು. ಅಷ್ಟೊತ್ತಿಗೆ ಕಂಪನಿ ದಿವಾಳಿ, ದುಡ್ಡು ಕೊಟ್ಟದ್ದು ಇನ್ಶೂರೆನ್ಸ್‌ನವರು. ಮಕ್ಕಳು ಹೋಗಿ ಹತ್ತು ವರ್ಷವಾಗುತ್ತಾ ಬಂದಿತ್ತು.

ಯುವಾಲ್ಡಿಯವರು 2024ರಲ್ಲಿ ಬಂದೂಕು ಕಂಪನಿ ಜೊತೆಗೆ ಇನ್‌ಸ್ಟಾಗ್ರಾಮ್ ಒಡೆಯರಾದ ಮೆಟಾ ಮೇಲೂ, ಗೇಮ್ ಮಾಡುವ ಆಕ್ಟಿವಿಷನ್ ಮೇಲೂ ಕೇಸ್ ಹಾಕಿದರು. ಹಾಕಲೇಬೇಕಿತ್ತು. ಅತ್ತ ಮೆಕ್ಸಿಕೊ ಸರ್ಕಾರವೇ ಬಂದೂಕು ಕಂಪನಿಗಳ ಮೇಲೆ ಹಾಕಿದ್ದ ಕೇಸನ್ನು 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು. ಒಂದು ದೇಶಕ್ಕೇ ಹೀಗಾದರೆ ಮಕ್ಕಳನ್ನು ಕಳೆದುಕೊಂಡ ಅಪ್ಪ ಅಮ್ಮಂದಿರ ಪಾಡೇನು?

ಅಂಗಡಿಯಲ್ಲಿ ಮಾರುವ ಆಟದ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಇರಬೇಕು, ಅದು ಇಲ್ಲಿನ ಕಾನೂನು. ಬಿಯರ್ ಬೇಕಾದರೆ 21 ಆಗಬೇಕು. ರೈಫಲ್‌ಗೆ 18 ಸಾಕು, ಅದರ ಆಸೆ ಹುಟ್ಟಿಸುವುದಕ್ಕಂತೂ ವಯಸ್ಸೇ ಬೇಡ. ಆಟಿಕೆ ಕಂಪನಿ, ಔಷಧಿ ಕಂಪನಿ, ಕಾರು ಕಂಪನಿ ಎಲ್ಲರೂ ಕೋರ್ಟಿಗೆ ಬಂದು ಉತ್ತರ ಕೊಡಬೇಕು, ಇವರಿಗೇನು ಕೋಡು ಬಂದಿದೆಯಾ?

ಫೋನ್ ಕಿತ್ತಿಟ್ಟುಕೊಳ್ಳಿ ಅಂತ ಮಾತ್ರ ದಯವಿಟ್ಟು ಯಾರೂ ಸಲಹೆ ಕೊಡಬೇಡಿ. ಅದೂ ಆಯ್ತು. ಸ್ಕೂಲ್ ಬಸ್ಸಿನಲ್ಲಿ ಪಕ್ಕದ ಹುಡುಗನ ಫೋನಲ್ಲಿ ನೋಡ್ತಾನೆ. ಅವನ ಫೋನನ್ನೂ ನಾನೇ ಹೋಗಿ ಕಿತ್ತುಕೊಳ್ಳಲಾ?