ಮೀನೂ ಅಲ್ಲ, ಗಿಡವೂ ಅಲ್ಲ ಎಂದು ಎಷ್ಟು ಸಲ ಹೇಳಲಿ?

ಇವತ್ತಿಗೆ 11 ದಿನ. ನಮ್ಮ ಎಣ್ಣೆಯ ಡ್ರಮ್ಮುಗಳು ಬಂದರಿನಲ್ಲೇ ಕೂತಿವೆ. ಕಳ್ಳಸಾಗಣೆಯ ಮಾಲಲ್ಲ, ಕಾಗದವೂ ಸುಳ್ಳಲ್ಲ. ಆ ಎಣ್ಣೆ ಮೀನಿನಿಂದ ಬಂದಿಲ್ಲ, ಬೀಜದಿಂದಲೂ ಬಂದಿಲ್ಲ. ಅದೇ ಅದರ ತಪ್ಪು.

ನಾನು ಒಂದು ಸಣ್ಣ ಕಂಪನಿಯಲ್ಲಿ ಆಮದಿನ ಕಾಗದಪತ್ರ ನೋಡಿಕೊಳ್ಳುತ್ತೇನೆ. ಹಸುಗೂಸುಗಳ ಹಾಲಿನ ಪುಡಿಗೆ ಸೇರಿಸುವ ಡಿಎಚ್‌ಎ (ಒಂದು ಬಗೆಯ ಒಮೆಗಾ-3 ಕೊಬ್ಬು) ಎಣ್ಣೆ ತರಿಸುತ್ತೇವೆ. ಇದು ಸ್ಕಿಜೋಕೈಟ್ರಿಯಂ ಎಂಬ ಸೂಕ್ಷ್ಮಜೀವಿಯ ಮೈಯಲ್ಲಿ ತುಂಬಿಕೊಳ್ಳುವ ಕೊಬ್ಬು. ಉಕ್ಕಿನ ಟ್ಯಾಂಕಿನಲ್ಲಿ, ಕತ್ತಲಲ್ಲಿ, ಸಕ್ಕರೆ ತಿಂದು ಬೆಳೆಯುತ್ತದೆ. ಆಮೇಲೆ ಅದರ ಕೋಶ ಒಡೆದು ಎಣ್ಣೆ ತೆಗೆಯುತ್ತಾರೆ. ಬಿಸಿಲಿನ ಮುಖವನ್ನೇ ನೋಡದ ಈ ಜೀವಿಯ ಎಣ್ಣೆಗೆ ಮಾರುವವರು 'ಪಾಚಿ ಎಣ್ಣೆ' ಎಂದು ಹೆಸರಿಟ್ಟುಬಿಟ್ಟಿದ್ದಾರೆ. ಶನಿ ಹೆಗಲೇರಿದ್ದು ಅಲ್ಲಿಂದಲೇ. ಪಾಚಿ ಎಂದರೆ ಹಸಿರು, ಹಸಿರು ಎಂದರೆ ಗಿಡ, ಗಿಡ ಎಂದಮೇಲೆ ಸಸ್ಯ ಆರೋಗ್ಯ ಪ್ರಮಾಣಪತ್ರ ಎಲ್ಲಿ? ಇದು ಕಸ್ಟಮ್ಸ್‌ನವರ ಪ್ರಶ್ನೆ.

ಮೊದಲಿನ ಕಾಲವಾಗಿದ್ದರೆ ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಆಗ ಎಚ್‌ಎಸ್ ಪಟ್ಟಿಯ, ಅಂದರೆ ಕಸ್ಟಮ್ಸ್‌ನಲ್ಲಿ ಪ್ರತಿ ಸರಕಿಗೂ ಕೋಡ್ ಕೊಡುವ ಜಾಗತಿಕ ಪಟ್ಟಿಯ, ಎಣ್ಣೆ-ಕೊಬ್ಬುಗಳ 15ನೇ ಅಧ್ಯಾಯದ ಹೆಸರಿನಲ್ಲಿ ಪ್ರಾಣಿ ಮತ್ತು ಸಸ್ಯ ಎಂಬ ಎರಡೇ ಮನೆ ಇದ್ದವು. ಇಂಥ ಸೂಕ್ಷ್ಮಜೀವಿಯ ಎಣ್ಣೆ ತಂದವನು ಯಾವ ಬಾಗಿಲು ತಟ್ಟಬೇಕಿತ್ತು? ಜಗಳ ಆಗುತ್ತಿತ್ತು, ನ್ಯಾಯವೇ. ಆದರೆ ವಿಶ್ವ ಕಸ್ಟಮ್ಸ್ ಸಂಸ್ಥೆ ಇದನ್ನು ಬಗೆಹರಿಸಿ ವರ್ಷಗಳೇ ಆದವು. 2022ರ ಆವೃತ್ತಿಯಲ್ಲಿ ಅಧ್ಯಾಯದ ಹೆಸರಿಗೇ 'ಸೂಕ್ಷ್ಮಜೀವಿ' ಎಂಬ ಪದ ಸೇರಿಸಿದರು. 1515.60 ಎಂದು ಹೊಸ ಕೋಡ್ ಕೊಟ್ಟರು. ಹೈಡ್ರೋಜನ್ ಸೇರಿಸಿದ್ದಾದರೆ 1516.30. ಮುಂದಿನ ಆವೃತ್ತಿ 2028ರ ಜನವರಿ 1ಕ್ಕೆ ಜಾರಿಗೆ ಬರಲಿದೆ. ನಾವಿನ್ನೂ 2022ರದ್ದನ್ನೇ ಓದಿಸುತ್ತಾ ಕೂತಿದ್ದೇವೆ!

ನಮ್ಮ ಕ್ಲಿಯರಿಂಗ್ ಏಜೆಂಟ್ ಮೊದಲ ದಿನವೇ ಹೇಳಿದ್ದ. "ಸಾರ್, ಸುಮ್ನೆ 1515.90 ಹಾಕಿಬಿಡೋಣ. ಎಲ್ಲರೂ ಅದನ್ನೇ ಹಾಕ್ತಾರೆ." 1515.90 ಎಂದರೆ 'ಇತರೆ'. ಸರಿಯಾದ ಕೋಡ್ ಕಣ್ಣೆದುರಿಗಿರುವಾಗ 'ಇತರೆ' ಯಾಕೆ ಹಾಕಬೇಕು? ನಾನು ಹಟ ಹಿಡಿದೆ. ನನ್ನ ಹಣೆಬರಹ ನೋಡಿ, ಇನ್‌ವಾಯ್ಸಿನಲ್ಲಿ 1515.60 ಇದೆ, ಮಾಲು ಯಾವ ದೇಶದ್ದೆಂದು ಹೇಳುವ, ತೆರಿಗೆ ರಿಯಾಯಿತಿಗೆ ಬೇಕಾದ ಮೂಲ ಪ್ರಮಾಣಪತ್ರದಲ್ಲಿ 1515.90 ಇದೆ. ಕಳಿಸಿದವರ ಗುಮಾಸ್ತ ಹಳೇ ಫಾರ್ಮಿಗೆ ಹಳೇ ಕೋಡನ್ನೇ ತುಂಬಿದ್ದಾನೆ. ಒಂದೇ ಮಾಲು, ಎರಡು ನಂಬರ್. ತೆರಿಗೆ ರಿಯಾಯಿತಿ ಅಲ್ಲೇ ನಿಂತಿತು.

ಅಷ್ಟರಲ್ಲಿ ಅಧಿಕಾರಿ ಮೂರನೇ ನಂಬರ್ ತೆಗೆದರು, 15.17. ಡಿಎಚ್‌ಎ ಪ್ರಮಾಣವನ್ನು ಒಂದು ಮಟ್ಟಕ್ಕೆ ತರಲು ತಯಾರಕರು ಇದಕ್ಕೆ ಸೂರ್ಯಕಾಂತಿ ಎಣ್ಣೆ ಬೆರೆಸುತ್ತಾರೆ, ಬೆರೆಸಿದ್ದಾದರೆ ತಿನ್ನುವ ಕೊಬ್ಬುಗಳ ಮಿಶ್ರಣ ಅಲ್ವಾ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ, ಒಪ್ಪುತ್ತೇನೆ. ಇಷ್ಟು ದಿನದಲ್ಲಿ ಅವರಾಡಿದ ಬುದ್ಧಿವಂತಿಕೆಯ ಮಾತು ಇದೊಂದೇ. ಹಾಗಿದ್ದರೆ ಎಷ್ಟು ಬೆರೆಸಿದರೆ ಮಿಶ್ರಣ, ಎಷ್ಟರವರೆಗೆ ಬರೀ ಹೊಂದಾಣಿಕೆ ಎಂದು ಬರೆದು ಕೊಡಿ ಎಂದೆ. ಉತ್ತರವಿಲ್ಲ. ಇದೇ ಎಣ್ಣೆಯನ್ನು ಪಿಷ್ಟ, ಪ್ರೋಟೀನ್ ಜೊತೆ ಪುಡಿ ಮಾಡಿ ತಂದಿದ್ದರೆ 21.06ರ 'ಬೇರೆಲ್ಲೂ ಹೇಳದ ಆಹಾರ ಪದಾರ್ಥ' ಎಂಬ ಗೋಣಿಚೀಲಕ್ಕೆ ತುರುಕುತ್ತಿದ್ದರೇನೋ.

ಹೊಟ್ಟೆ ಉರಿದದ್ದು ಸ್ಯಾಂಪಲ್ ತೆಗೆದ ದಿನ. ಈ ಎಣ್ಣೆಗೆ ಗಾಳಿ ಎಂದರೆ ವಿಷ. ಅದಕ್ಕೇ ನೈಟ್ರೋಜನ್ ತುಂಬಿ ಸೀಲ್ ಮಾಡಿ, ರೀಫರ್ ಕಂಟೇನರಿನಲ್ಲಿ ತಣ್ಣಗೆ ತರಿಸುವುದು. ಒಂದು ಡ್ರಮ್ಮಿನಿಂದ ತೆಗೆದರೆ ಸಾಕು, ನಮ್ಮ ಕಡೆಯವರು ಬಂದು ಮತ್ತೆ ನೈಟ್ರೋಜನ್ ತುಂಬುತ್ತಾರೆ ಎಂದು ಪತ್ರ ಬರೆದಿದ್ದೆ. ಮೂರು ಡ್ರಮ್ಮಿನ ಮುಚ್ಚಳ ತೆಗೆದು ಹಾಗೇ ಬಿಟ್ಟರು. ಇಡೀ ಮಧ್ಯಾಹ್ನ! ಗಾಳಿ ಸೋಕಿದರೆ ಇದು ಕಮಟುತ್ತದೆ, ಮೀನಿನ ವಾಸನೆ ಬರುತ್ತದೆ. ಬಂತು. ಆಗ ಒಬ್ಬರು ಮೂಗು ಮುಚ್ಚಿಕೊಂಡು ಕೇಳುತ್ತಾರೆ, "ಇದು ಮೀನೆಣ್ಣೆ ಅಲ್ವೇನ್ರೀ?"

ನೀವೇ ಕಮಟಿಸಿ ನೀವೇ ಮೀನು ಅನ್ನುತ್ತೀರಾ? ಮೀನಿಗೇ ಡಿಎಚ್‌ಎ ಸಿಗುವುದು ಸಮುದ್ರದ ಇಂಥ ಸೂಕ್ಷ್ಮಜೀವಿಗಳಿಂದ. ಚಿಕ್ಕದನ್ನು ದೊಡ್ಡದು ತಿಂದು ತಿಂದು ಮೀನಿನ ಮೈ ಸೇರುತ್ತದೆ. ಇದನ್ನು ಅಲ್ಲಿ ಹೇಳಲಿಲ್ಲ. ಹೇಳಿದ್ದರೆ 15.04ರ ಮೀನೆಣ್ಣೆಯ ಕಡತವೂ ತೆರೆಯುತ್ತಿತ್ತು.

ಆ ಮೂರು ಡ್ರಮ್ ಇನ್ನು ಮಗುವಿನ ಹಾಲಿಗೆ ಬಾರವು. ಎಣ್ಣೆ ಎಷ್ಟು ಕಮಟಿದೆ ಎಂದು ತೋರಿಸುವ ಪೆರಾಕ್ಸೈಡ್ ಅಂಶ ಮಿತಿ ದಾಟಿರುತ್ತದೆ. ಉಳಿದವಕ್ಕೆ ದಿನಾ ಡೆಮರೇಜ್ (ಬಂದರಿನಲ್ಲಿ ತಡವಾಗಿ ಉಳಿದದ್ದಕ್ಕೆ ದಂಡ), ರೀಫರ್ ಕರೆಂಟಿನ ಬಾಡಿಗೆ ಬೇರೆ. ಕೋಡ್ ನಮ್ಮದೇ ಸರಿ ಎಂದು ತೀರ್ಮಾನವಾದರೂ ಈ ದುಡ್ಡು ಯಾರೂ ವಾಪಸ್ ಕೊಡಲ್ಲ.

ತಯಾರಿಕೆಯ ಫ್ಲೋ ಚಾರ್ಟ್ ಕೇಳಿದರು, ಕೊಟ್ಟೆ. ಟ್ಯಾಂಕಿನ ಚಿತ್ರ, ಜೀವಿಯ ಹೆಸರು, ಎಣ್ಣೆ ತೆಗೆಯುವ ಹಂತ, ಎಲ್ಲಾ ಇತ್ತು. ಇವತ್ತು ಬೆಳಿಗ್ಗೆ ಅದಕ್ಕೆ ಉತ್ತರ ಬಂದಿದೆ. ಒಂದೇ ಸಾಲು: "ಎಣ್ಣೆಯನ್ನು ಗಿಡದ ಯಾವ ಭಾಗದಿಂದ ತೆಗೆಯಲಾಗಿದೆ ಎಂದು ತಿಳಿಸಿ."